ಇಬ್ಬರು ಹಿರಿಯರ ಒಂದೇ ಮುಖ

ಫೋನಿನೊಳಗಿನ ತಂಬೂರಿ ನಿಂತರೆ ದೇವಿಪ್ರಸಾದನ ಕುಂಚವೂ ನಿಲ್ಲುತ್ತದೆ. ಚಿತ್ರ ಬಿಡಿಸುವಾಗ ಶ್ರುತಿ ಹಾಕಿಕೊಳ್ಳುವುದು ಅವನ ಹಳೆಯ ಅಭ್ಯಾಸ. ಪಿಟೀಲು ಬಿಟ್ಟ ಮೇಲೂ ಶ್ರುತಿಯನ್ನು ಬಿಡಲು ಆಗಿರಲಿಲ್ಲ. ಆದರೆ ಯಾರಾದರೂ ಕರೆ ಮಾಡಿದೊಡನೆ ಫೋನು ತಂಬೂರಿಯನ್ನು ನುಂಗಿ ಗಂಟೆ ಬಾರಿಸತೊಡಗುತ್ತದೆ, ಬಿಡಿಸುತ್ತಿದ್ದ ಮುಖ ಅರ್ಧ ಕೆನ್ನೆಯಲ್ಲೇ ಅನಾಥವಾಗುತ್ತದೆ. ಆ ದಿನ ಬೆಳಿಗ್ಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ, ತೀರಿಹೋದ ಯಾರೋ ಒಬ್ಬ ಪಟೇಲರ ಕೆನ್ನೆಗೆ ಬಣ್ಣ ಹಚ್ಚುತ್ತಿದ್ದಾಗಲೂ ಹಾಗೇ ಆಯಿತು. “ನಾನು ಅಶ್ವಿತ್, ಮೆಲ್ಕಾರಿನಿಂದ,” ಎಂದಿತು ಫೋನು. “ನಮ್ಮ ಐತಪ್ಪಜ್ಜನ ಫೋಟೋ ಮಾಡಿದ್ದು ನೀವೇ ಅಲ್ವಾ ಸರ್?” ತೈಲಚಿತ್ರವನ್ನು ಫೋಟೋ ಎನ್ನಬೇಡಿ ಎಂದು ತಿದ್ದುವ ಶಕ್ತಿಯನ್ನು ದೇವಿಪ್ರಸಾದ ಎಂದೋ ಕಳೆದುಕೊಂಡಿದ್ದ. ಹೌದು ಎಂದ. ಆ ಕಡೆಯ ದನಿ ಪೊಲೀಸರಿಗೆ ದೂರು ಕೊಡುವವರ ಎಚ್ಚರದಲ್ಲಿ ಹೇಳಿತು: “ಮೊನ್ನೆ ಬೆಳ್ತಂಗಡಿಗೆ ಹುಡುಗಿ ನೋಡ್ಲಿಕ್ಕೆ ಹೋಗಿದ್ದೆವು. ಅವರ ಚಾವಡಿಯಲ್ಲಿ ನಮ್ಮ ಅಜ್ಜ ಇದ್ದಾರೆ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕುಂಚವನ್ನು ಕೆಳಗಿಟ್ಟ. “ಅಲ್ಲಿ ಅವರ ಹೆಸರು ಮುಂಡಪ್ಪ ಶೆಟ್ಟಿ ಅಂತೆ,” ಎಂದು ಅಶ್ವಿತ್ ಮುಂದುವರಿಸಿದ. “ನಮ್ಮಲ್ಲಿ ಐತಪ್ಪ, ಅವರಲ್ಲಿ ಮುಂಡಪ್ಪ. ಮೂಗು ಒಂದೇ, ಮೀಸೆ ಒಂದೇ, ಹೆಗಲಿನ ಶಾಲು ಸಹ ಒಂದೇ. ಈಗ ಮದುವೆ ನಿಂತಿದೆ. ನೀವು ಒಮ್ಮೆ ಬಂದು ಹೇಳ್ಬೇಕು.” ಏನು ಹೇಳಬೇಕು ಎಂದು ಕೇಳಿದ್ದಕ್ಕೆ, “ಇದ್ದದ್ದನ್ನು ಇದ್ದ ಹಾಗೆ,” ಎಂದ. ಕಾರು ತರುತ್ತೇನೆ ಎಂದೂ ಸೇರಿಸಿದ. ಫೋನು ಇಟ್ಟ ಕೂಡಲೇ ತಂಬೂರಿ ತಾನಾಗಿ ಮತ್ತೆ ಶುರುವಾಯಿತು, ಏನೂ ಆಗದವರ ಹಾಗೆ.

ಇದ್ದದ್ದು ಇಷ್ಟೇ: ಆ ಮುಖ ಯಾರದ್ದೂ ಅಲ್ಲ. ಭಾವಚಿತ್ರ ಇರುವ ಸತ್ತವರದ್ದು ಹೇಗೋ ನಡೆಯುತ್ತಿತ್ತು, ಚೌಕ ಹಾಕಿ ದೊಡ್ಡದು ಮಾಡಿದರೆ ಆಯಿತು. ಆದರೆ ಕೆಲವು ಮನೆಗಳವರು ಕ್ಯಾಮೆರಾ ಕಾಣದೆ ಹೋದ ಹಿರಿಯರನ್ನೂ ತರುತ್ತಿದ್ದರು. ಎತ್ತರ ಇದ್ದರು, ಗೌರವರ್ಣ, ಮೀಸೆ ಇತ್ತು, ಕಂಡರೆ ಕೈಮುಗಿಯಬೇಕು ಅನ್ನಿಸುತ್ತಿತ್ತು ಎನ್ನುತ್ತಿದ್ದರು. ಎಲ್ಲರ ಹಿರಿಯರೂ ಎತ್ತರವೇ, ಎಲ್ಲರಿಗೂ ಮೀಸೆಯೇ. ಆಗ ದೇವಿಪ್ರಸಾದ ಕಣ್ಣು ಮುಚ್ಚಿ ಮೊದಲು ಮೂಗನ್ನು ಇಡುತ್ತಿದ್ದ. ಮೂಗು ಷಡ್ಜ. ಅದು ಕೂತರೆ ಹುಬ್ಬು, ತುಟಿ, ಗಲ್ಲ ಎಲ್ಲವೂ ಅದಕ್ಕೆ ಶ್ರುತಿ ಸೇರಿಸಿಕೊಂಡು ತಾವಾಗಿ ಬರುತ್ತಿದ್ದವು. ಹಾಗೆ ಬರುತ್ತಿದ್ದವನು, ದೇವಿಪ್ರಸಾದ ಮಂಗಳೂರಿನ ವಾರಪತ್ರಿಕೆಗೆ ಕಥೆಗಳ ಚಿತ್ರ ಬರೆಯುತ್ತಿದ್ದ ಕಾಲದ ಮುದುಕ. ಸಂಪಾದಕರು ಕಥೆಯನ್ನು ಕಳಿಸುತ್ತಲೇ ಇರಲಿಲ್ಲ, ಫೋನಿನಲ್ಲಿ “ನಾಳೆಗೆ ಒಂದು ಸಜ್ಜನ ಮುದುಕ ಬೇಕು ಮಾರಾಯ” ಎನ್ನುತ್ತಿದ್ದರು. ಆ ಮುದುಕ ಎಷ್ಟು ಕಥೆಗಳಲ್ಲಿ ಸತ್ತನೋ, ಎಷ್ಟರಲ್ಲಿ ಮೊಮ್ಮಕ್ಕಳಿಗೆ ಬುದ್ಧಿ ಹೇಳಿದನೋ. ಪತ್ರಿಕೆ ನಿಂತ ಮೇಲೆ ಅವನು ಮೀಸೆ ಬೆಳೆಸಿಕೊಂಡು, ಶಾಲು ಹೊದ್ದು, ಎಣ್ಣೆಬಣ್ಣದಲ್ಲಿ ಮಿಂದು ಶೆಟ್ಟರ ಮನೆಯ ಗೋಡೆ ಏರಿದ. ಎರಡು ಗೋಡೆಗಳು ಒಂದು ದಿನ ಒಂದನ್ನೊಂದು ನೋಡುತ್ತವೆ ಎಂದು ಯಾರಿಗೆ ಹೊಳೆಯುತ್ತದೆ? ಅದಕ್ಕೂ ಮೊದಲು ಪಿಟೀಲಿನ ಗುರು ಮಹಾಲಿಂಗೇಶ್ವರ ಭಟ್ಟರು ಒಂದು ಕಛೇರಿ ಮುಗಿದ ಮೇಲೆ ಎಲ್ಲರ ಎದುರು ಹೇಳಿದ್ದರು: “ಹಾಡುವವರು ಇನ್ನೂ ಪಲ್ಲವಿಯಲ್ಲಿದ್ದಾರೆ, ನೀನು ಹೋಗಿ ಚರಣದಲ್ಲಿ ಕೂತಿದ್ದೀಯ. ನಿನಗೆ ಕೇಳ್ಲಿಕ್ಕೆ ಪುರುಸೊತ್ತಿಲ್ಲ.” ಅಲ್ಲಿ ಕೇಳಲಿಲ್ಲ, ಇಲ್ಲಿ ನೋಡಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ವಸುಧಾಳನ್ನು ಕೂರಿಸಿ ಬಿಡಿಸಿದ್ದ, ಅವಳು ಚಿತ್ರವನ್ನು ತುಂಬ ಹೊತ್ತು ನೋಡಿ, “ಯಾರಿವರು? ಚೆಂದ ಇದ್ದಾರೆ,” ಎಂದಿದ್ದಳು. ತಮಾಷೆಗೆ ಹೇಳಿದಳೆಂದು ಅವನು ವರ್ಷಗಟ್ಟಲೆ ನಂಬಲು ಪ್ರಯತ್ನಿಸಿದ್ದ.

ಕಾಲೇಜಿನಲ್ಲಿ ಗಣಿತ ಕಲಿಸುವ ವಸುಧಾ ಆ ದಿನ ಮನೆಯಲ್ಲೇ ಇದ್ದಳು. ವಿಷಯ ಕೇಳಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. “ಬಾಯಿ ಬಿಟ್ಟು ಹೇಳಿ ಬನ್ನಿ. ಅದು ನಾನು ಮನಸ್ಸಿನಿಂದ ಮಾಡಿದ್ದು ಅಂತ. ನಿಮ್ಮ ಮೂಗಿನ ದೆಸೆಯಿಂದ ಒಂದು ಹುಡುಗಿಯ ಮದುವೆ ಕೆಡುವುದು ಬೇಡ.” ಹಾಗೆ ಹೇಳಿದರೆ ನಾಳೆಯಿಂದ ಯಾರೂ ನನ್ನನ್ನು ಕಲಾವಿದ ಅನ್ನುವುದಿಲ್ಲ ಎಂದ ದೇವಿಪ್ರಸಾದ. “ಈಗ ಅನ್ನುತ್ತಾರಾ?” ಎಂದು ಅವಳು ಸಹಜವಾಗಿ ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅದೇ ಹೆಚ್ಚು ನೋಯಿಸಿತು. ಮೆಟ್ಟಿಲು ಇಳಿಯುವಾಗ ಅವನು ನಿಶ್ಚಯ ಮಾಡಿಕೊಂಡ. ಹೇಳಿಬಿಡುತ್ತೇನೆ. ಜೀವನದಲ್ಲಿ ಒಂದು ಮುಖದ ಬಗ್ಗೆಯಾದರೂ ನಿಜ ಹೇಳಿದೆ ಎಂದಾಗಲಿ.

ಕಾರಿನ ಹಿಂದಿನ ಸೀಟಿನಲ್ಲಿ ಐತಪ್ಪ ಶೆಟ್ಟರು ಬೆಡ್‌ಶೀಟು ಹೊದ್ದು, ಸೀಟ್‌ಬೆಲ್ಟು ಬಿಗಿದುಕೊಂಡು ಕೂತಿದ್ದರು. “ಬೆಲ್ಟು ಹಾಕದಿದ್ದರೆ ಕಾರು ಕುಂಯ್ ಕುಂಯ್ ಮಾಡ್ತದೆ,” ಎಂದು ಅಶ್ವಿತ್ ಸಮಜಾಯಿಷಿ ಕೊಟ್ಟ. ದುಬೈಯ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅವನಿಗೆ ರಜೆ ಮುಗಿಯುವುದರೊಳಗೆ ನಿಶ್ಚಿತಾರ್ಥವಾಗಬೇಕಿತ್ತು. ಹುಡುಗಿ ತೃಪ್ತಿ ಅವನಿಗೆ ತುಂಬ ಹಿಡಿಸಿದ್ದಳು. ಅದನ್ನು ಹೇಳುವಾಗ ವೇಣೂರಿನ ತಿರುವಿನಲ್ಲಿ ಕಾರು ರಸ್ತೆಯ ಬಲಬದಿಗೆ ಹೋಯಿತು. ಹಾಗಾದರೆ ತೊಂದರೆ ಏನು, ಇಬ್ಬರೂ ಒಂದೇ ರಕ್ತವೆಂಬ ಹೆದರಿಕೆಯೇ ಎಂದು ದೇವಿಪ್ರಸಾದ ಕೇಳಿದ. “ಛೆ, ಅದೆಂತ ಇಲ್ಲ. ನಮಗೆ ಬರಿ, ನಿಮ್ಮ ಗೋತ್ರದ ಹಾಗೆ, ಬರುವುದು ಅಮ್ಮನ ಕಡೆಯಿಂದ ಅಲ್ವಾ. ಅವರ ಬರಿ ಬೇರೆ, ನಮ್ಮದು ಬೇರೆ. ಬರಿ ಬೇರೆ ಇದ್ದರೆ ಮದುವೆಗೆ ಅಡ್ಡಿ ಇಲ್ಲ. ಅಜ್ಜ ಎರಡು ಕಡೆ ಇದ್ದದ್ದೂ ದೊಡ್ಡ ಸಂಗತಿ ಅಲ್ಲ, ಹಿಂದಿನವರು. ಜಗಳ ಇರುವುದು ದೊಡ್ಡ ಮನೆ ಯಾವುದು, ಚಿಕ್ಕ ಮನೆ ಯಾವುದು ಅಂತ.” ಕನ್ನಡಿಯಲ್ಲಿ ಐತಪ್ಪ ಶೆಟ್ಟರ ಬೆಡ್‌ಶೀಟು ಜಾರಿ ಒಂದು ಕಣ್ಣು ಕಾಣುತ್ತಿತ್ತು. ಆ ಕಣ್ಣಿನಲ್ಲಿ ಏನೂ ಇರಲಿಲ್ಲ. ಎಲ್ಲರ ಮೇಲೂ ಸಮಾನವಾದ ದಯೆ ಇತ್ತು, ಅಂದರೆ ಏನೂ ಇರಲಿಲ್ಲ. ಗುರುವಾಯನಕೆರೆಯವರೆಗೂ ಅದು ಅವನ ಕುತ್ತಿಗೆಯ ಹಿಂಭಾಗವನ್ನು ನೋಡುತ್ತ ಬಂತು.

ತೃಪ್ತಿಯ ಮನೆಯ ಚಾವಡಿಯಲ್ಲಿ ಎರಡು ಚಿತ್ರಗಳನ್ನು ಸೋಫಾದ ಮೇಲೆ ಪಕ್ಕಪಕ್ಕದಲ್ಲಿ ಕೂರಿಸಿದರು. ಮನುಷ್ಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎದುರಿಗೆ ಕೂತರು. ದೇವಿಪ್ರಸಾದ ತನ್ನ ಕೃತಿಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಒಂದು ಪ್ರದರ್ಶನ ಮಾಡಬೇಕೆಂಬ ಆಸೆ ಹೀಗೆ ಈಡೇರಿತೇ ಎಂದು ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಮುಂಡಪ್ಪ ಶೆಟ್ಟರ ಹಣೆಗೆ ಮನೆಯವರು ಹಚ್ಚಿದ ಗಂಧ ಬಣ್ಣದೊಳಗೇ ಇಳಿದು ಗಟ್ಟಿಯಾಗಿತ್ತು. ತಂದುಕೊಟ್ಟಾಗ ಬಣ್ಣ ಒಣಗಿರಲಿಲ್ಲ, ಒಣಗಲು ತಿಂಗಳುಗಳು ಬೇಕು ಎಂದು ಹೇಳಲು ಅವನು ಸಂಕೋಚಪಟ್ಟಿದ್ದ. ಅಶ್ವಿತನ ಸೋದರಮಾವ ಲೋಕಯ್ಯ ಶೆಟ್ಟರು ದೇವಿಪ್ರಸಾದನ ಕಡೆಗೆ ತಿರುಗಿದರು. “ಭಟ್ರೇ, ನಮಗೆ ನೀವೇ ಸಾಕ್ಷಿ. ಒಂದೇ ಮಾತು ಹೇಳಿ. ಮೊದಲು ಬಿಡಿಸಿದ್ದು ಯಾವುದು?” ಯಾಕೆ ಎಂದು ದೇವಿಪ್ರಸಾದ ಕೇಳಿದ. “ಯಾವ ಮನೆಯವರು ಮೊದಲು ನೆನಪು ಮಾಡಿದರೋ ಅದು ದೊಡ್ಡ ಮನೆ. ಮತ್ತಿನದ್ದು ಮತ್ತಿನದ್ದೇ,” ಎಂದರು ಲೋಕಯ್ಯ, ಮರ್ಯಾದೆಗೆ ತಕ್ಕಷ್ಟೇ ಹೇಳಿದ ಸಮಾಧಾನದಲ್ಲಿ. ತೃಪ್ತಿಯ ತಾಯಿ ಸುಪ್ರೀತಾ ಕುರ್ಚಿಯಲ್ಲಿ ನೆಟ್ಟಗಾದರು. “ನಮ್ಮದು ಚಿಕ್ಕ ಮನೆ ಅಂತ ಹೇಳುವವರು ಈಗಲೇ ಮೆಟ್ಟಿಲು ಇಳೀಬಹುದು. ಸಂಬಂಧವೂ ಬೇಡ, ಊಟವೂ ಬೇಡ.” ಬಾಗಿಲ ಬಳಿ ನಿಂತಿದ್ದ ತೃಪ್ತಿ, “ಅಮ್ಮ, ಮುತ್ತಜ್ಜ ಎಷ್ಟು ಜನ ಇದ್ದರೆ ನಮಗೆಂತ? ಹುಡುಗ ಒಬ್ಬನೇ ಅಲ್ವಾ,” ಎಂದಳು. ಅವಳನ್ನು ಒಳಗೆ ಕಳಿಸಲಾಯಿತು. ಮೂಲೆಯ ಕುರ್ಚಿಯಲ್ಲಿ ತೃಪ್ತಿಯ ಅಜ್ಜಿ, ಮುಂಡಪ್ಪ ಶೆಟ್ಟರ ಮಗಳು ಶಶಿಪ್ರಭಾ, ಬಲಗಿವಿಯನ್ನು ಮಾತಿನ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ಮುಂಡಪ್ಪ ಶೆಟ್ಟರನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. ಚಿತ್ರ ಬಿಡಿಸಲು ಹಿಂದೆ ಬಂದಾಗ ಅವನು ಅವರ ಎದುರಿಗೇ ಕೂತು ಮೂಗು ಹೀಗೆಯೇ, ಗಲ್ಲ ಹೀಗೆಯೇ ಎಂದು ಕೇಳಿದ್ದ. ಅವರು ಪ್ರತಿಯೊಂದಕ್ಕೂ ಹೌದು, ಹಾಗೇ ಎಂದಿದ್ದರು. ನನ್ನ ಕೈಗೆ ದೈವದತ್ತ ಏನೋ ಇದೆ ಎಂದು ಅಂದು ಬಸ್ಸಿನಲ್ಲಿ ಹಿಂತಿರುಗುವಾಗ ಅನ್ನಿಸಿತ್ತು.

ಎದ್ದು ನಿಂತು ಹೇಳಬೇಕೋ ಕೂತು ಹೇಳಬೇಕೋ ತಿಳಿಯದೆ ದೇವಿಪ್ರಸಾದ ಅರ್ಧ ಎದ್ದ. “ಆ ಮುಖ ಯಾರದ್ದೂ ಅಲ್ಲ,” ಎಂದ. ಫ್ಯಾನು ತಿರುಗುತ್ತಿತ್ತು. “ಐತಪ್ಪ ಶೆಟ್ಟರದ್ದೂ ಅಲ್ಲ, ಮುಂಡಪ್ಪ ಶೆಟ್ಟರದ್ದೂ ಅಲ್ಲ. ನಾನು ಮನಸ್ಸಿನಿಂದ ಮಾಡಿದ್ದು. ಎರಡು ಕಡೆಯೂ ಅದನ್ನೇ ಮಾಡಿದೆ. ತಪ್ಪು ನನ್ನದು.” ಹೇಳಿಯಾಯಿತು. ಭೂಮಿ ಬಾಯಿ ಬಿಡಲಿಲ್ಲ. ಒಳಗೆಲ್ಲೋ ಕುಕ್ಕರು ಕೂಗಿತು. ಲೋಕಯ್ಯ ಶೆಟ್ಟರು ಅವನನ್ನೂ ಚಿತ್ರಗಳನ್ನೂ ಒಂದೊಂದಾಗಿ ನೋಡಿದರು. “ವರ್ಷವರ್ಷವೂ ನಾವು ಇವರ ಎದುರು ಎಲೆ ಹಾಕಿ ಅಗೆಲು ಬಡಿಸ್ತೇವೆ. ಕೋಳಿ ಸಾರು, ರೊಟ್ಟಿ, ಒಂದು ಲೋಟ ಶೇಂದಿ. ಬಾಗಿಲು ಹಾಕಿ ಹೊರಗೆ ನಿಲ್ತೇವೆ, ಹಿರಿಯರು ಬಂದು ಉಂಡು ಹೋಗ್ತಾರೆ. ಇದು ಯಾರದ್ದೂ ಅಲ್ಲ ಅಂತಾದರೆ, ಇಷ್ಟು ವರ್ಷ ಉಂಡದ್ದು ಯಾರು?” ಉತ್ತರ ಹೇಳಬೇಕಾದ ಪ್ರಶ್ನೆಯೇ ಅದು. ಎಲ್ಲರ ಕಣ್ಣೂ ತನ್ನ ಹೊಟ್ಟೆಯ ಮೇಲೆ ನಿಂತಂತೆ ದೇವಿಪ್ರಸಾದನಿಗೆ ಕಂಡಿತು. ಹುಟ್ಟಿದಂದಿನಿಂದ ಕೋಳಿ ಮುಟ್ಟದ ಅವನಿಗೆ ಕೆಲವು ವರ್ಷಗಳಿಂದ ವಿನಾಕಾರಣ ಹುಳಿತೇಗು ಬರುತ್ತಿದ್ದದ್ದು ನೆನಪಾಗಿ, ಆ ಕ್ಷಣಕ್ಕೆ ಅದಕ್ಕೊಂದು ಕಾರಣ ಸಿಕ್ಕಿದಂತಾಯಿತು.

“ನಮ್ಮಲ್ಲಿಯೂ ಬಡಿಸ್ತೇವೆ,” ಎಂದರು ಸುಪ್ರೀತಾ. “ಹೋದ ವರ್ಷ ಬಾಗಿಲು ತೆಗೆದಾಗ ರೊಟ್ಟಿ ಸರಿದಿತ್ತು. ಯಾರೂ ಅಲ್ಲದವರು ಬಂದು ರೊಟ್ಟಿ ಸರಿಸ್ತಾರಾ?” ಇಲ್ಲ ಎಂದು ಲೋಕಯ್ಯ ತಲೆಯಾಡಿಸಿದರು. ಬೆಳಗಿನಿಂದ ಎರಡು ಮನೆಯವರು ಒಪ್ಪಿದ ಮೊದಲ ಮಾತು ಅದು. ಆಮೇಲೆ ಲೋಕಯ್ಯರ ಮುಖ ಮೆಲ್ಲಗೆ ಬೆಳಗಿತು. ಅವರು ಎದ್ದು ಬಂದು ದೇವಿಪ್ರಸಾದನ ಎರಡೂ ಕೈಗಳನ್ನು ಹಿಡಿದುಕೊಂಡರು. “ಸುಪ್ರೀತಕ್ಕ, ನಿಮಗೆ ಗೊತ್ತಾಗ್ಲಿಲ್ವಾ? ಭಟ್ರು ನಮ್ಮ ಎರಡೂ ಮನೆಯ ಮಾನ ಉಳಿಸ್ಲಿಕ್ಕೆ ಸುಳ್ಳು ಹೇಳ್ತಾ ಇದ್ದಾರೆ. ತಾನು ಕಳ್ಳ ಅಂತ ಆದರೂ ಆಗಲಿ, ಶೆಟ್ಟರ ಹೆಸರು ಕೆಡಬಾರದು ಅಂತ.” ಅಲ್ಲ ಎಂದ ದೇವಿಪ್ರಸಾದ. ನಾನು ಹೇಳುತ್ತಿರುವುದು ಸತ್ಯ ಎಂದ. ದೊಡ್ಡವರು ಹೀಗೇ ಹೇಳುವುದು ಎಂದು ಸುಪ್ರೀತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ದನಿ ಏರಿಸಿದಷ್ಟೂ ಅವರಿಗೆ ಗೌರವ ಏರುತ್ತಿತ್ತು. ಕೊನೆಗೆ ಸೋತು, ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ಮಾಡಿದ್ದು, ಒಂದು ಒಣಗುವಾಗ ಇನ್ನೊಂದು, ಮೊದಲು ಆಮೇಲೆ ಎಂದಿಲ್ಲ ಎಂದು ಬಾಯಿಬಿಟ್ಟ. ಅದೂ ನಿಜವೇ, ಆದರೆ ಅದನ್ನು ಮಾತ್ರ ಅವರು ತಕ್ಷಣ ನಂಬಿದರು. ಹಾಗಾದರೆ ಎರಡೂ ದೊಡ್ಡ ಮನೆಯೇ ಎಂದು ತೀರ್ಮಾನವಾಯಿತು. ಒಬ್ಬರೇ ಹಿರಿಯರು, ಎರಡು ಹೆಸರು. ಇವರು ಅವರಿಗೆ ಹೊಸಬರಲ್ಲ, ಹಳೆಯ ಸಂಬಂಧಿಕರು. ಅಶ್ವಿತ್ ನಾಚಿಕೊಂಡು ನೆಲ ನೋಡಿದ. ಮದುವೆಯ ಮಂಟಪದಲ್ಲಿಡಲು ಅಜ್ಜನನ್ನು ನಡುವೆ ಕೂರಿಸಿ ಎರಡೂ ಕಡೆ ಇಬ್ಬರು ಅಜ್ಜಿಯರನ್ನು ಇಟ್ಟು ಒಂದು ದೊಡ್ಡ ಫೋಟೋ ಮಾಡಿಕೊಡಿ ಎಂದರು ಲೋಕಯ್ಯ. “ಅಜ್ಜಿಯರ ಮುಖ ನೀವೇ ನೋಡಿ ಹಾಕಿ. ನಿಮಗೆ ಹೇಳುವುದೆಂತ.”

ಮದುವೆ ಉಳಿಯಿತು. ಅವನ ಹೆಸರೂ ಉಳಿಯಿತು, ಹಿಂದಿಗಿಂತ ದೊಡ್ಡದಾಗಿ. ಆದರೆ ಎಲೆಯಡಿಕೆಯ ತಟ್ಟೆಯ ಸುತ್ತ ಎಲ್ಲರೂ ನಗುವಾಗ ದೇವಿಪ್ರಸಾದ ಎದ್ದು ಬಾಗಿಲ ಬಳಿ ಹೋಗಿ ನಿಂತ. ಒಂದು ನಿಜವನ್ನು ಎತ್ತಿ ಕೊಟ್ಟರೆ ಇವರು ಅದನ್ನು ಒರೆಸಿ, ಮಡಚಿ, ಸೌಜನ್ಯವೆಂದು ಒಳಗಿಟ್ಟುಕೊಂಡರು. ನೋಡದೆ ಬಿಡಿಸಿದವನು ತಾನೊಬ್ಬನೇ ಎಂದುಕೊಂಡಿದ್ದ, ನೋಡಿದವರೂ ನೋಡಿರಲಿಲ್ಲ. ಯಾರೋ ತೋಳು ಮುಟ್ಟಿದಂತಾಯಿತು. ತೃಪ್ತಿ. “ಅಜ್ಜಿ ಕರೀತಾರೆ ಸರ್, ಒಳಗೆ. ಒಬ್ಬರೇ ಬರ್ಬೇಕಂತೆ.”

ಶಶಿಪ್ರಭಾ ತಮ್ಮ ಕೋಣೆಯ ಮಂಚದ ಮೇಲೆ ಕೂತಿದ್ದರು. ಕನ್ನಡಿಯಿಲ್ಲದ ಸಣ್ಣ ಕೋಣೆ, ಔಷಧದ ಡಬ್ಬಿಗಳು, ಬ್ಯಾಂಕಿನ ಕ್ಯಾಲೆಂಡರು. ಬಾಗಿಲು ಹಾಕಿಕೊಳ್ಳಲು ಕೈಸನ್ನೆ ಮಾಡಿದರು. “ನೀವು ಹೇಳಿದ್ದು ಸತ್ಯ ಅಂತ ನನಗೆ ಗೊತ್ತುಂಟು,” ಎಂದರು. ಅವನಿಗೆ ಅವರ ಕಾಲ ಬಳಿ ಕೂತುಬಿಡಬೇಕೆನ್ನಿಸಿತು. “ಅದು ನನ್ನ ಅಪ್ಪ ಅಲ್ಲ. ಹತ್ತಿರಕ್ಕೂ ಬರುವುದಿಲ್ಲ. ಅವತ್ತು ನೀವು ಬಿಡಿಸ್ತಾ ಬಿಡಿಸ್ತಾ ಒಬ್ಬರು ಒಳ್ಳೆಯವರು ಕಂಡರು. ಇರಲಿ ಅಂತ ಎಲ್ಲದಕ್ಕೂ ಹೌದು ಹೇಳಿದೆ. ಗೋಡೆಯಲ್ಲಾದರೂ ಒಳ್ಳೆಯವರು ಇರಲಿ ಅಂತ.” ನಿಮ್ಮ ಅಪ್ಪ ಹೇಗಿದ್ದರು ಎಂದು ದೇವಿಪ್ರಸಾದ ಕೇಳಿದ. ಅವರು ಎಡಗಿವಿಯನ್ನು ಮುಟ್ಟಿ ತೋರಿಸಿದರು. “ಇದು ಅವರದ್ದೇ ಪೆಟ್ಟು. ಅಮ್ಮನಿಗೆ ಬೀಳುವುದಕ್ಕೆ ನಾನು ಅಡ್ಡ ಹೋದೆ. ಸೌದೆ ತುಂಡಿನಲ್ಲಿ. ಆರನೇ ಕ್ಲಾಸು. ಆಮೇಲೆ ಈ ಕಿವಿಗೆ ಎಂತದ್ದೂ ಇಲ್ಲ.” ಸಂತೆಯಿಂದ ತಂದ ಸಾಮಾನಿನ ವಿಷಯ ಹೇಳುವ ದನಿಯಲ್ಲೇ ಹೇಳಿದರು. “ಅವರು ಎಚ್ಚರ ಇದ್ದಾಗ ನಾನು ತಲೆ ಎತ್ತಿ ನೋಡಿದ್ದಿಲ್ಲ. ಮಲಗಿದ್ದಾಗ ನೋಡಿದ್ದೇನೆ, ಎಷ್ಟೋ ಸಲ. ಈಗ ನೀವು ನಿಜವಾದದ್ದು ಒಂದು ಬಿಡಿಸಿ. ಅವರ ಮುಖ ನೋಡಿ ಎರಡು ಮಾತು ಹೇಳ್ಲಿಕ್ಕುಂಟು. ಹೊರಗೆ ಚಿತ್ರದಲ್ಲಿ ಇರುವವರಿಗೆ ಹೇಳಿದರೆ ಪಾಪ, ಅವರಿಗೆ ಎಂತ ಗೊತ್ತು.”

ಕ್ಯಾಲೆಂಡರಿನ ಮುಗಿದ ತಿಂಗಳ ಹಾಳೆ ಹರಿದು ಬೆನ್ನು ಮೇಲೆ ಮಾಡಿ ಕೊಟ್ಟರು. ಜೇಬಿನಲ್ಲಿ ಪೆನ್ಸಿಲು ಇತ್ತು. ಹೇಳಿ ಎಂದ. ಕಂಡರೆ ಹೆದರಿಕೆ ಆಗುವ ಹಾಗೆ ಎಂದರು. ಮೂಗು? ಮೂಗು ಎಲ್ಲರಿಗೂ ಇರುವ ಹಾಗೆ. ಕಣ್ಣು? ಅದನ್ನು ನೋಡಿದವರು ಯಾರು. ಅವನು ಕಣ್ಣು ಮುಚ್ಚಿದ, ಕೈ ತಾನಾಗಿ ಮೂಗನ್ನು ಇಟ್ಟಿತು, ಹುಬ್ಬು ಬಂತು, ತುಟಿ ಬಂತು. “ಅಲ್ಲ,” ಎಂದರು ಅವರು, “ಇದು ಮತ್ತೆ ಅವರೇ, ಸೋಫಾದವರು.” ಇನ್ನೊಂದು ಹಾಳೆ. ಹುಬ್ಬನ್ನು ಗಂಟು ಹಾಕಿ ಕೋಪ ತಂದ. ಸಜ್ಜನ ಮುದುಕನಿಗೆ ಹೊಟ್ಟೆನೋವು ಬಂದಂತೆ ಕಂಡಿತೇ ಹೊರತು ಬೇರೇನೂ ಆಗಲಿಲ್ಲ. ಶ್ರುತಿ ಇರಲಿಲ್ಲ. ಕಿವಿಯೊಳಗೆ ಬರಿಯ ಫ್ಯಾನು. ಈ ಹೆಂಗಸಿಗೆ ಬೇಕಾದದ್ದು ಒಂದು ಮುಖ, ಅದೊಂದನ್ನು ಮಾಡುವವನೆಂದೇ ಜನ ತನ್ನನ್ನು ಕರೆಯುತ್ತಾರೆ, ಆದರೆ ತನ್ನೊಳಗೆ ಇರುವುದು ಒಂದೇ. ನಾಚಿಕೆಯಿಂದ ತಲೆಯೆತ್ತಿದ. ಆಗುವುದಿಲ್ಲ ಎಂದು ಹೇಳಲು ಹೊರಟವನು ಅವರನ್ನು ನೋಡಿದ. ಅವರು ಕಾಯುತ್ತಿದ್ದರು. ಬಲಗಡೆಗೆ ವಾಲಿದ ಮುಖ, ಮೂಳೆಯ ಮೇಲೆ ಅಂಟಿಕೊಂಡ ಕೆನ್ನೆ, ಎಡಹುಬ್ಬು ಬಲದ್ದಕ್ಕಿಂತ ಕೆಳಗೆ, ಮಾತಾಡದಿರಲು ಕಲಿತ ಕೆಳತುಟಿ. ಯಾವುದೂ ಯಾವುದಕ್ಕೂ ಶ್ರುತಿ ಸೇರುತ್ತಿರಲಿಲ್ಲ. ಇಲ್ಲಿ ಮೂಗಿನಿಂದ ಹೊರಟರೆ ಎಲ್ಲಿಗೂ ತಲುಪುವುದಿಲ್ಲ ಎಂದು ಹೊಳೆಯಿತು. ಅವನು ಕಣ್ಣಿನ ಕೆಳಗಿನ ನೆರಳಿನಿಂದ ಶುರು ಮಾಡಿದ. ಮುಂದೆ ಹೋಗಲಿಲ್ಲ, ಅವರ ಮುಖ ಹೋದಷ್ಟೇ ಹೋದ. ಕೂದಲು, ಕಿವಿ, ಸೀರೆ ಯಾವುದನ್ನೂ ಹಾಕಲಿಲ್ಲ, ಹಣೆಯಿಂದ ಗಲ್ಲದವರೆಗೆ ಮಾತ್ರ. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಮುಖ ಹೊರಗಿನಿಂದ ಒಳಗೆ ಬರುತ್ತಿತ್ತು.

ಇದು ನೀವು ಎಂದು ಹೇಳಿ ಕೊಡಬೇಕೆಂದಿದ್ದ, ಹೇಳುವ ಮೊದಲೇ ಅವರು ಹಾಳೆ ಎಳೆದುಕೊಂಡರು. ಕನ್ನಡಕ ಹಾಕಿ ಬೆಳಕಿಗೆ ಹಿಡಿದರು. ಅವರ ಇನ್ನೊಂದು ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. “ಇವರೇ,” ಎಂದರು. “ಇದೇ ಹುಬ್ಬು. ಇದೇ ತುಟಿ. ನಿಮಗೆ ಹೇಗೆ ಗೊತ್ತಾಯ್ತು?” ದೇವಿಪ್ರಸಾದ ಬಾಯಿ ತೆರೆದ. ತಾನು ಬಿಡಿಸಿದ ಒಂದೇ ಒಂದು ನಿಜವಾದ ಮುಖ ಅದು, ಯಾರದೆಂದು ಹೇಳಲು ಅವನಿಗೆ ಹಕ್ಕಿತ್ತು. ಹೇಳಿದರೆ, ಅಷ್ಟು ವರ್ಷ ಹೆದರಿದ್ದ ಮುಖವನ್ನು ತಾವೇ ಹೊತ್ತುಕೊಂಡು ತಿರುಗಿದ್ದೇವೆ ಎಂದು ಅವರಿಗೆ ಈಗ, ಈ ವಯಸ್ಸಿನಲ್ಲಿ, ತಿಳಿಯುತ್ತದೆ. ಹೊರಗೆ ಲೋಕಯ್ಯ ಜೋರಾಗಿ ನಗುತ್ತಿದ್ದರು.

ಶಶಿಪ್ರಭಾ ಬೈಯಲು ಸಿದ್ಧರಾದವರಂತೆ ನೆಟ್ಟಗೆ ಕೂತರು. ತುಟಿ ಅಲುಗಿತು, ನಿಂತಿತು. ಹಾಳೆಯನ್ನು ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಬೆರಳ ತುದಿಯಿಂದ ಕಣ್ಣಿನ ಕೆಳಗಿನ ನೆರಳನ್ನು ಒರೆಸಿ ನೋಡಿದರು, ಅದು ಹೋಗಲಿಲ್ಲ.

“ಹೇಳ್ಲಿಕ್ಕೆ ಆಗುವುದಿಲ್ಲ,” ಎಂದರು. “ಇವರಿಗೇ ಯಾರೋ ಹೊಡೆದ ಹಾಗೆ ಉಂಟಲ್ಲ.” ಬಲಗಿವಿಯನ್ನು ಅವನ ಕಡೆಗೆ ತಿರುಗಿಸಿ ಕೇಳಿದರು: “ಸರಿಯಾಗಿ ನೋಡಿದ್ದೀರಾ? ಇವರೇ ಅಲ್ವಾ?”

“ಹೌದು,” ಎಂದ ದೇವಿಪ್ರಸಾದ. “ಅವರೇ.”